ಹಲಸಿನ ಹಲಗೆ ಮತ್ತು ಅಡುಗೆಮನೆಯ ಕಪಾಟು

ಪ್ರಶ್ನೆ: ಶಿರಸಿಯ ಬಳಿ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದೇವೆ. ತೋಟದ ಹಲಸಿನ ಮರದಿಂದ ಸೀಳಿಸಿದ ಒಂದೂವರೆ ಅಂಗುಲದ ಹಲಗೆಗಳು ಮೂರು ವರ್ಷಗಳಿಂದ ಅಟ್ಟದ ಮೇಲಿವೆ. ಊರಿನ ಬಡಗಿಯವರು ಅವುಗಳಿಂದಲೇ ಕಪಾಟು ಮಾಡಿಕೊಡಲು ಒಪ್ಪಿದ್ದಾರೆ. ಆದರೆ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕಚ್ಚಿಕೊಳ್ಳುತ್ತದೆ, ಕಾರ್ಖಾನೆಯ ಕಪಾಟನ್ನೇ ತರಿಸಿ ಎನ್ನುತ್ತಾರೆ ನೆಂಟರು. ಯಾವುದು ಸರಿ?
— ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಆ ಹಲಗೆಗಳನ್ನು ಕೈಬಿಡಬೇಡಿ. ನೆರಳಿನಲ್ಲಿ ಗಾಳಿಗೆ ಒಣಗುವ ಮರಕ್ಕೆ ಅಂಗುಲಕ್ಕೊಂದು ವರ್ಷ ಬೇಕೆಂಬುದು ಬಡಗಿಗಳ ಲೆಕ್ಕ. ಆ ಲೆಕ್ಕದಲ್ಲಿ ನಿಮ್ಮ ಹಲಗೆಗಳು ಚೆನ್ನಾಗಿಯೇ ಒಣಗಿರಬೇಕು. ಆದರೆ ಇಡೀ ಕಪಾಟನ್ನು ಅವುಗಳಿಂದ ಮಾಡಿಸುವುದು ಬೇಡ. ಒಳಗಿನ ಪೆಟ್ಟಿಗೆಗಳು 18 ಮಿ.ಮೀ. ಪ್ಲೈವುಡ್‌ನಲ್ಲಿರಲಿ, ಹೊರಗೆ ಕಾಣುವ ಬಾಗಿಲು ಮತ್ತು ಡ್ರಾಯರ್ ಮುಖಗಳು ಮಾತ್ರ ಹಲಸಿನಲ್ಲಿರಲಿ. ಸಿಂಕ್ ಕೆಳಗಿನ ಪೆಟ್ಟಿಗೆಗೆ, ನೀರು ತಾಳುವ ಪ್ಲೈವುಡ್‌ಗಿರುವ ಭಾರತೀಯ ಮಾನಕವಾದ ಐಎಸ್ 710ರ ಮುದ್ರೆಯ ಪ್ಲೈವುಡ್ಡನ್ನೇ ಕೇಳಿ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಅದರ ಪದರಗಳು ಬಿಡಬಾರದೆಂಬುದು ಆ ಮಾನಕದ ಪರೀಕ್ಷೆ. ಕತ್ತರಿಸಿದ ಅಂಚುಗಳೆಲ್ಲಕ್ಕೂ, ಗೋಡೆಯ ಕಡೆಗೆ ಮರೆಯಾಗುವ ಅಂಚುಗಳಿಗೂ, ಪಟ್ಟಿ ಅಂಟಿಸಲೇಬೇಕು, ಏಕೆಂದರೆ ನೀರು ಒಳಹೊಗುವುದು ಅಲ್ಲಿಂದಲೇ.

ನೆಂಟರ ಆತಂಕದಲ್ಲಿ ಹುರುಳಿದೆ. ಮರವು ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತಲೇ ಇರುತ್ತದೆ, ಎಷ್ಟು ಹಳೆಯ ಮರವಾದರೂ ಇದು ನಿಲ್ಲುವುದಿಲ್ಲ. ಹಾಗಾಗಿ ಅಗಲದ ಹಲಗೆಯನ್ನೇ ಬಾಗಿಲಾಗಿ ಮಾಡದೆ, ಸುತ್ತ ಎರಡೂವರೆ ಅಂಗುಲ ಅಗಲದ ಚೌಕಟ್ಟು ಕೂಡಿಸಿ, ಅದರ ಒಳ ಅಂಚಿನಲ್ಲಿ ತೋಡು ತೆಗೆದು, ನಡುವಿನ ತೆಳು ಹಲಗೆಯನ್ನು ಅದರೊಳಗೆ ಸಡಿಲವಾಗಿ ಕೂರಿಸಬೇಕು. ಒಂದು ಅಡಿ ಅಗಲದ ಹಲಗೆಗೆ ಎರಡೂ ಬದಿಯ ತೋಡಿನಲ್ಲಿ ಸುಮಾರು 3 ಮಿ.ಮೀ. ಜಾಗ ಉಳಿಸಲಿ. ಅಂಟು ಚೌಕಟ್ಟಿನ ಮೂಲೆಗಳಿಗೆ ಮಾತ್ರ. ನಡುವಿನ ಹಲಗೆಗೆ ಅಂಟಾಗಲಿ ಮೊಳೆಯಾಗಲಿ ಬೀಳಕೂಡದು, ಬಿದ್ದರೆ ಅದು ಒಂದಲ್ಲ ಒಂದು ಬೇಸಿಗೆಯಲ್ಲಿ ಸೀಳುತ್ತದೆ. ಪಾಲಿಷ್ಅನ್ನು ಆ ಹಲಗೆಯ ಎರಡೂ ಮುಖಗಳಿಗೆ ಜೋಡಿಸುವ ಮೊದಲೇ ಕೊಡಿಸಿ. ಇಲ್ಲವಾದರೆ ಹಲಗೆ ಕುಗ್ಗಿದಾಗ ಬಣ್ಣ ಕಾಣದ ಗೆರೆಯೊಂದು ಅಂಚಿನಲ್ಲಿ ಇಣುಕುತ್ತದೆ, ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗುತ್ತದೆ. ಹೊಸದಾಗಿ ಹೆರೆದ ಹಲಸು ಹಳದಿಯಾಗಿದ್ದು, ಬೆಳಕಿಗೆ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅಕ್ಕಪಕ್ಕದ ಬಾಗಿಲುಗಳಿಗೆ ಒಂದೇ ಹಲಗೆಯ ತುಂಡುಗಳು ಬರುವಂತೆ ಬಡಗಿಯವರು ಆರಿಸಲಿ. ಮೂರು ಅಡಿಗಿಂತ ಎತ್ತರದ ಬಾಗಿಲಿಗೆ ಮೂರು ಹಿಂಜುಗಳು ಬೇಕು.

ಊರಿನ ಬಡಗಿಯವರ ಪರವಾಗಿ ಇನ್ನೊಂದು ಮಾತು. ಹಳೆಯ ಮನೆಯ ಗೋಡೆಗಳು ನೇರವಾಗಿರುವುದು ಅಪರೂಪ, ಅಲ್ಲಿ ಸಿದ್ಧ ಅಳತೆಯ ಪೆಟ್ಟಿಗೆಗಳು ಪಕ್ಕದಲ್ಲಿ ಸಂದು ಬಿಡುತ್ತವೆ. ಬಡಗಿಯವರಾದರೆ ಗೋಡೆಯ ಅಂತರವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆದು, ಅತಿ ಕಡಿಮೆಯ ಅಳತೆಗೆ ಪೆಟ್ಟಿಗೆ ಮಾಡಿ, ಉಳಿದ ಸಂದನ್ನು ಗೋಡೆಯ ಓರೆಗೆ ತಕ್ಕಂತೆ ಕೆತ್ತಿದ ಪಟ್ಟಿಯಿಂದ ಮುಚ್ಚಬಲ್ಲರು. ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಅಂಗುಲವಿರುತ್ತದೆ; ದಿನವೂ ಅಲ್ಲಿ ನಿಂತು ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರುವಂತೆ ಅದನ್ನು ಬದಲಿಸಿಕೊಳ್ಳಿ. ನೆಲದ ಟೈಲ್ಸ್ ಕೂರಿಸಿದ ಮೇಲೆಯೇ ಕೊನೆಯ ಅಳತೆ ತೆಗೆಯಲು ಹೇಳಿ, ಹಲಗೆಗಳನ್ನು ಹೆರೆಯುವ ಮುನ್ನ ಎರಡು ಮೂರು ವಾರ ಅದೇ ಅಡುಗೆಮನೆಯಲ್ಲಿ ನಡುವೆ ಗಾಳಿಯಾಡುವಂತೆ ಜೋಡಿಸಿಡಿ.