ಓದುಗರ ಪ್ರಶ್ನೆ: ‘ಮೌಡಿ’ಯ ಪ್ರೀತಿ, ಮೌಡ್ ಲೂಯಿಸ್‌ಳ ಬದುಕು

ಕೆನಡಾದ ಚಿತ್ರಕಲಾವಿದೆ ಮೌಡ್ ಲೂಯಿಸ್‌ಳ ಬದುಕಿನ ಮೇಲೆ ತೆಗೆದ ‘ಮೌಡಿ’ (2016) ಸಿನಿಮಾ ನೋಡಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮಗಳ ಜೊತೆ ಕೂತು ನೋಡಿದೆ ಮೇಡಂ. ‘ಮನೆಯಲ್ಲಿ ಮೊದಲು ನಾನು, ಆಮೇಲೆ ನಾಯಿ, ಆಮೇಲೆ ಕೋಳಿ, ಕೊನೆಗೆ ನೀನು’ ಅಂತಾನೆ ಮೌಡ್‌ಳ ಗಂಡ, ಆ ಎವರೆಟ್. ಬೇರೆಯವರ ಎದುರೇ ಕೆನ್ನೆಗೆ ಹೊಡೀತಾನೆ. ಸಿನಿಮಾ ಮುಗಿಯುವ ಹೊತ್ತಿಗೆ ಅವನೇ ಪಾಪ ಅನ್ನಿಸಿಬಿಡುತ್ತಾನೆ. ‘ಇದು ಪ್ರೀತಿನಾ ಅಮ್ಮ?’ ಅಂತ ಮಗಳು ಕೇಳಿದಳು. ಏನು ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಆ ಏಟು ಪ್ರೀತಿ ಅಲ್ಲ ಅಂತ ನೇರವಾಗಿ ಹೇಳಿ ತಾಯಿ. ಇದರಲ್ಲಿ ಹಿಂದೆ ಮುಂದೆ ನೋಡಬೇಡಿ.

ನಿರ್ದೇಶಕಿ ಆಶ್ಲಿಂಗ್ ವಾಲ್ಶ್ ಈ ಮದುವೆಯನ್ನು ನಿಧಾನವಾಗಿ ಕರಗುವ ಒರಟನ ಕಥೆಯಾಗಿ ಹೇಳಿದ್ದಾರೆ. ಮದುವೆಯ ರಾತ್ರಿ ಅವನ ಪಾದದ ಮೇಲೆ ತನ್ನ ಪಾದ ಇಟ್ಟು ಮೌಡ್ ಕುಣಿಯುತ್ತಾಳಲ್ಲ, ಅದು ನನಗೂ ಇಷ್ಟವಾದ ದೃಶ್ಯ. ಮೌಡ್ ಪಾತ್ರ ಮಾಡಿದ ಸ್ಯಾಲಿ ಹಾಕಿನ್ಸ್‌ಳ ಆ ನಗು ಮರೆಯೋಕಾಗಲ್ಲ. ಆದರೆ ಒಂದು ಒಳ್ಳೆಯ ದೃಶ್ಯ ಹಿಂದಿನದ್ದನ್ನೆಲ್ಲ ಒರೆಸಿ ಹಾಕುವುದಿಲ್ಲ.

ಮೌಡ್ ಹುಟ್ಟಿದ್ದು 1903ರಲ್ಲಿ, ನೋವಾ ಸ್ಕೋಷಿಯಾದಲ್ಲಿ. ಚಿಕ್ಕವಳಿದ್ದಾಗಲೇ ಸಂಧಿವಾತ. 1935ರಲ್ಲಿ ಅಪ್ಪ ಹೋದರು, 1937ರಲ್ಲಿ ಅಮ್ಮ. ಆಮೇಲೆ ಡಿಗ್ಬಿ ಊರಿನ ಚಿಕ್ಕಮ್ಮನ ಮನೆಯೇ ಗತಿ. 1938ರಲ್ಲಿ ಮನೆ ಮನೆಗೆ ಮೀನು ಮಾರುತ್ತಿದ್ದ ಎವರೆಟ್ ಲೂಯಿಸ್‌ನ ಜೊತೆ ಮದುವೆ. ಅವನಿಗೆ ಮನೆಗೆಲಸಕ್ಕೆ ಒಬ್ಬಳು ಬೇಕಿತ್ತು. ಇವಳಿಗೆ ಒಂದು ಸೂರು ಬೇಕಿತ್ತು. ನಡುವೆ ಏನು ಹುಟ್ಟಿತೋ ಅದನ್ನು ಪ್ರೀತಿ ಅಂತಲೇ ಕರೆಯಬೇಕೆಂದು ನಮಗ್ಯಾಕೆ ಹಟ?

ಹಾಗಂತ ಎವರೆಟ್ ಏನೂ ಮಾಡಲಿಲ್ಲ ಅಂತಲ್ಲ. ಅವಳ ಕೈ ಸೋತ ಮೇಲೆ ಅಡುಗೆ, ಮನೆಗೆಲಸ ಅವನದೇ ಆಯಿತು. ಬಣ್ಣ, ಹಲಗೆ ತಂದುಕೊಟ್ಟ. ಚಿತ್ರ ಮಾರಿದ ದುಡ್ಡನ್ನೂ ಅವನೇ ಇಟ್ಟುಕೊಂಡ. ಸಮಾಧಿಯ ಕಲ್ಲಿನ ಮೇಲೆ ಗಂಡನ ಮನೆಯವರ ಹೆಸರುಗಳ ಕೆಳಗೆ ‘ಮೌಡ್ ಡೌಲಿ’ ಅಂತಿದೆ. ಅದು ತವರಿನ ಹೆಸರು. ತನ್ನ ಚಿತ್ರಗಳ ಮೇಲೆ ಆಕೆ ಬರೆಯುತ್ತಿದ್ದ ಹೆಸರು ಅಲ್ಲಿಲ್ಲ. ನನಗೆ ಇದು ಆ ಏಟಿಗಿಂತ ಜಾಸ್ತಿ ನೋವು ಕೊಡುತ್ತದೆ.

ಇನ್ನೊಂದು ಸಲ ನೋಡುವಾಗ ಗಂಡನನ್ನು ಬಿಟ್ಟು, ಮೌಡ್ ಚಿತ್ರ ಬರೆದ ಮನೆಯ ಗೋಡೆಗಳನ್ನು ನೋಡು ಅಂತ ಮಗಳಿಗೆ ಹೇಳಿ. ಅವಳು ಜೀವ ಇಟ್ಟುಕೊಂಡಿದ್ದು ಅಲ್ಲಿ.

ಪ್ರಶ್ನೆ: ಅಷ್ಟು ಮುದುರಿದ ಬೆರಳಲ್ಲಿ ನಿಜವಾಗಿಯೂ ಚಿತ್ರ ಬರೆಯಲು ಸಾಧ್ಯವೇ? ಸಿನಿಮಾದವರು ಹೆಚ್ಚು ಮಾಡಿ ತೋರಿಸಿದ್ದಾರಾ?
– ಓದುಗರು, ಗದಗ

ಉತ್ತರ: ಇಲ್ಲ, ನಿಜ. ನನಗೂ ಬೆರಳಿನ ಗಂಟುಗಳಲ್ಲಿ ನೋವಿದೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗಲೇ ಶುರುವಾಯಿತು. ಚಳಿಗಾಲದ ಬೆಳಿಗ್ಗೆ ಸಣ್ಣ ಬ್ರಷ್ ಬೆರಳಲ್ಲಿ ನಿಲ್ಲುವುದೇ ಇಲ್ಲ. ಹೀಗಾಗಿ ಮೌಡ್‌ಳ ಫೋಟೊಗಳಲ್ಲಿ ನಾನು ಮೊದಲು ನೋಡುವುದು ಆಕೆಯ ಕೈ.

ಆಕೆ ಕೂರುತ್ತಿದ್ದುದು ಕಿಟಕಿ ಪಕ್ಕದ ಮೂಲೆಯಲ್ಲಿ. ಮುಂದೆ ಒಂದು ಪುಟ್ಟ ಮೇಜು. ಬಲಗೈ ಅಲುಗದಂತೆ ಎಡಗೈಯಿಂದ ಆನಿಸಿ ಹಿಡಿಯುತ್ತಿದ್ದಳು. ತೋಳು ದೂರಕ್ಕೆ ಚಾಚಲು ಆಗುತ್ತಿರಲಿಲ್ಲ, ಅದಕ್ಕೇ ಚಿತ್ರಗಳೆಲ್ಲ ಚಿಕ್ಕವು. ದೋಣಿಗೆ ಬಳಿಯುವ ಪೇಂಟ್, ಮನೆಗೆ ಬಳಿದು ಉಳಿದ ಪೇಂಟ್, ಏನು ಸಿಕ್ಕರೆ ಅದು. ಖಾಲಿ ಮೀನಿನ ಡಬ್ಬಿಗಳೇ ಬಣ್ಣದ ಬಟ್ಟಲು. ಬಣ್ಣಕ್ಕೆ ಬಣ್ಣ ಬೆರೆಸುವ ಗೋಜಿಗೇ ಹೋಗುತ್ತಿರಲಿಲ್ಲ. ಕೆಂಪು ಅಂದರೆ ಡಬ್ಬಿಯಲ್ಲಿದ್ದ ಕೆಂಪೇ.

ಆಕೆಯ ಚಿತ್ರಗಳಲ್ಲಿ ನೆರಳು ಸಿಗುವುದು ಕಷ್ಟ, ಗಮನಿಸಿದ್ದೀರಾ? ಜೋಡಿ ಎತ್ತುಗಳು, ಕರಿ ಬೆಕ್ಕು, ಹಿಮದ ಮೇಲೆ ಕುದುರೆಗಾಡಿ. ಹಿಮದ ನಡುವೆ ಹೂವೂ ಅರಳಿರುತ್ತದೆ. ಕಲಿಸುವವರು ಇದನ್ನು ತಪ್ಪು ಅಂತಾರೆ. ನಾನು ಮಕ್ಕಳಿಗೆ ಇದನ್ನೇ ತೋರಿಸುತ್ತೇನೆ.

ಪ್ರಶ್ನೆ: ಸಿನಿಮಾದಲ್ಲಿ ಮೌಡ್ ತನ್ನ ಮಗಳನ್ನು ದೂರದಿಂದ ನೋಡಿ ಅಳುವ ದೃಶ್ಯ ನಿಜವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮಗು ಹುಟ್ಟಿದ್ದು ನಿಜ, 1928ರಲ್ಲಿ. ದತ್ತು ಹೋಗಿದ್ದೂ ನಿಜ. ಆದರೆ ತಾಯಿ ಮಗಳನ್ನು ಹುಡುಕಿಕೊಂಡು ಹೋಗಿದ್ದಲ್ಲ. ಬೆಳೆದ ಮಗಳೇ ತಾಯಿಯನ್ನು ಹುಡುಕಿಕೊಂಡು ಬಂದಳು, ಮೌಡ್ ಒಪ್ಪಿಕೊಳ್ಳಲಿಲ್ಲ. ಸಿನಿಮಾದಲ್ಲಿ ಇದು ಉಲ್ಟಾ ಆಗಿದೆ. ನೋಡುವವರ ಕಣ್ಣು ಒದ್ದೆಯಾಗಲಿ ಅಂತ ಮಾಡಿದ್ದಾರೆ, ಆಗುತ್ತದೆ ಕೂಡ. ನಿಜ ಸಂಗತಿ ಇದಕ್ಕಿಂತ ಕಠಿಣ. ಮದುವೆಯಾಗದೆ ಹೆತ್ತವಳನ್ನು ಆ ಕಾಲ ಎಷ್ಟು ಹೆದರಿಸಿಟ್ಟಿತ್ತು ನೋಡಿ. ಅದನ್ನು ಹಾಗೇ ತೋರಿಸುವ ಧೈರ್ಯ ಸಿನಿಮಾಕ್ಕೆ ಇರಬೇಕಿತ್ತು.

ಪ್ರಶ್ನೆ: ಆ ಮನೆ ಈಗ ಇದೆಯೇ? ಚಿತ್ರಗಳಿಗೆ ಬೆಲೆ ಎಷ್ಟು?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಮನೆ ಇದೆ. 12-13 ಅಡಿ ಉದ್ದಗಲ, ಅಷ್ಟೇ. ಕರೆಂಟು, ನಲ್ಲಿ ಇರಲಿಲ್ಲ. ಬಾಗಿಲು, ಮೆಟ್ಟಿಲು, ಒಲೆ, ಬ್ರೆಡ್ಡಿನ ಡಬ್ಬ, ಕಿಟಕಿಯ ಗಾಜು, ಎಲ್ಲದರ ಮೇಲೂ ಹೂವು, ಹಕ್ಕಿ. ಮಾರ್ಷಲ್‌ಟೌನ್‌ನಿಂದ ಇಡೀ ಮನೆಯನ್ನೇ ತಂದು ಹ್ಯಾಲಿಫ್ಯಾಕ್ಸ್‌ನ ಕಲಾ ಗ್ಯಾಲರಿಯೊಳಗೆ ಇಟ್ಟಿದ್ದಾರೆ. ಸಿನಿಮಾಕ್ಕೆ ಮಾತ್ರ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಅಂಥದ್ದೇ ಇನ್ನೊಂದು ಕಟ್ಟಿದ್ದರು.

ಮೌಡ್ ರಸ್ತೆ ಬದಿ ಒಂದೊಂದು ಚಿತ್ರವನ್ನು 2-3 ಡಾಲರ್‌ಗೆ ಮಾರುತ್ತಿದ್ದಳು. ತೀರಿಕೊಂಡಿದ್ದು 1970ರಲ್ಲಿ. ಆಮೇಲೆ ಯಾರೋ ಹೋಟೆಲಿನಲ್ಲಿ ಊಟದ ಬದಲಿಗೆ ಕೊಟ್ಟ ಆಕೆಯ ಕಪ್ಪು ಟ್ರಕ್ಕಿನ ಚಿತ್ರ 2022ರ ಹರಾಜಿನಲ್ಲಿ 3,50,000 ಕೆನಡಾ ಡಾಲರ್‌ಗೆ ಹೋಯಿತು. ಆ ದುಡ್ಡಿನ ಒಂದು ಚೂರು ಆಗ ಸಿಕ್ಕಿದ್ದರೆ ಕರೆಂಟು ಬರುತ್ತಿತ್ತು, ಔಷಧಿ ಬರುತ್ತಿತ್ತು. ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮಜ್ಜಿ ಮದುವೆ ಮನೆಗಳಿಗೆ ಹಸೆ ಚಿತ್ತಾರ ಬರೆಯುತ್ತಾರೆ. ಶಾಲೆಗೆ ಹೋದವರಲ್ಲ. ‘ಮೌಡಿ’ ನೋಡಿದಾಗ ಅವರೇ ನೆನಪಾದರು. ಅಜ್ಜಿಯನ್ನೂ ಕಲಾವಿದೆ ಅನ್ನಬಹುದಾ?
– ಓದುಗರು, ಸಾಗರ

ಉತ್ತರ: ಅನ್ನಬಹುದಾ ಅಂತ ಕೇಳಬೇಡಿ, ಅನ್ನಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿನಾರಿನ ಬ್ರಷ್. ಅದರಲ್ಲಿ ಅಷ್ಟು ಸಣ್ಣ ಗೆರೆ ನಡುಗದೆ ಎಳೆಯುವುದು ಸುಮ್ನೆ ಬರುವ ವಿದ್ಯೆ ಅಲ್ಲ.

ಗೋಡೆಗೆ ಮತ್ತೆ ಮಣ್ಣು ಸಾರಿಸುವ ಮೊದಲೇ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಡಿ. ಯಾರ ಮದುವೆ, ಯಾವ ಊರು, ಯಾವ ವರ್ಷ ಬರೆದಿಡಿ. ಪ್ರತಿ ಗೆರೆಗೆ ಅಜ್ಜಿ ಏನಂತ ಹೆಸರು ಹೇಳುತ್ತಾರೋ ಕೇಳಿ, ಅವರ ಮಾತಲ್ಲೇ ಬರೆದುಕೊಳ್ಳಿ. ಮೇಲೆ ಅಜ್ಜಿಯ ಪೂರ್ತಿ ಹೆಸರು ಹಾಕಿ ನನಗೂ ಒಂದು ಪ್ರತಿ ಕಳಿಸಿ.