ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕ್ಲಬ್ ನಡೆಸುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹೈಸ್ಕೂಲಿಗೆ ಹೊಸದಾಗಿ ಸೇರಿದ ಗಣಿತ ಟೀಚರ್ ನೀವು. ಕ್ಲಬ್ ರಿಜಿಸ್ಟರಿನಲ್ಲಿ ಮಾತ್ರ ಇದೆ, ಅದನ್ನು ನಿಜವಾಗಿ ಶುರು ಮಾಡುವುದು ಹೇಗೆ, ಮೂರನೇ ವಾರಕ್ಕೆ ಮಕ್ಕಳು ಬರುವುದು ನಿಂತರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಮಕ್ಕಳು ಬಿಟ್ಟುಹೋಗುವುದು ಗಣಿತ ಕಷ್ಟವೆಂದಲ್ಲ. ಕ್ಲಬ್ಬೆಂದು ಕರೆದು ಇನ್ನೊಂದು ಟ್ಯೂಷನ್ ಕೊಟ್ಟಾಗ, ಇಲ್ಲವೇ ಶಾಸ್ತ್ರೋತ್ಸವಕ್ಕೆ (ಕೇರಳದ ಶಾಲಾ ವಿಜ್ಞಾನ, ಗಣಿತ ಮೇಳ) ಚಾರ್ಟ್ ಬರೆಸುವುದಕ್ಕೆ ಕೂರಿಸಿದಾಗ ಬಿಡುತ್ತಾರೆ.

ಮೊದಲು ಸಮಯ. ನಮ್ಮ ಕಡೆ ಬೆಳಿಗ್ಗೆ ಆಗುವುದಿಲ್ಲ, ಬಹಳ ಮಕ್ಕಳಿಗೆ ಮದ್ರಸ ಇರುತ್ತದೆ. ಸಂಜೆ ಬೆಲ್ ಹೊಡೆದ ಮೇಲೆ ಬಸ್ಸಿನ ಚಿಂತೆ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ ಇದೆಯೆಂದು ಅದನ್ನು ಹಿಡಿಯಬೇಡಿ. ಜುಮ್ಮಾಕ್ಕೆ ಹೋಗುವ ಮಕ್ಕಳು ಮೊದಲ ದಿನವೇ ಹೊರಗುಳಿಯುತ್ತಾರೆ. ಮಂಗಳವಾರವೋ ಬುಧವಾರವೋ ಊಟದ ನಂತರದ 30 ನಿಮಿಷ ಸಾಕು. ಹೆಡ್ಮಾಸ್ಟರು ಪಿ.ಟಿ. ಪೀರಿಯಡ್ ಕೊಡುತ್ತೇನೆಂದರೂ ಬೇಡವೆನ್ನಿ. ಆಟ ಕಿತ್ತುಕೊಂಡ ಕ್ಲಬ್ಬನ್ನು ಯಾವ ಮಗುವೂ ಕ್ಷಮಿಸುವುದಿಲ್ಲ.

15ರಿಂದ 20 ಮಕ್ಕಳು, ಮೂವರ ಗುಂಪುಗಳು. ಇಬ್ಬರಾದರೆ ಒಬ್ಬ ಬಾರದ ದಿನ ಇನ್ನೊಬ್ಬ ಒಂಟಿ. ನಾಲ್ವರಾದರೆ ಒಬ್ಬ ಸುಮ್ಮನೆ ಕೂರುತ್ತಾನೆ. ಮಾರ್ಕ್ ನೋಡಿ ಆರಿಸಬೇಡಿ, ಕೇಳಿದವರನ್ನೆಲ್ಲ ಸೇರಿಸಿಕೊಳ್ಳಿ. ಎಂಟು ಮತ್ತು ಒಂಬತ್ತನೆಯವರೇ ಹೆಚ್ಚಿರಲಿ. ಹತ್ತನೆಯವರು ಕ್ರಿಸ್ಮಸ್ ಪರೀಕ್ಷೆ ಕಳೆದ ಮೇಲೆ ಎಸೆಸೆಲ್ಸಿ ಗಡಿಬಿಡಿಯಲ್ಲಿ ಕೈಗೆ ಸಿಗುವುದಿಲ್ಲ. ಹಾಗಾಗಿ ಸೆಕ್ರೆಟರಿ ಒಂಬತ್ತನೆಯ ತರಗತಿಯವರಾಗಲಿ.

ಇನ್ನು ಮುಖ್ಯ ವಿಷಯ, ಲೆಕ್ಕಗಳು. ಒಂದು ದಿನಕ್ಕೆ ಒಂದೇ ಲೆಕ್ಕ ಸಾಕು. ಅದು ಐದು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗಬೇಕು, ಆದರೆ ಆ ದಿನವೇ ಮುಗಿಯಬಾರದು. ಬೆಲ್ ಹೊಡೆಯಿತೆಂದು ಉತ್ತರ ಹೇಳಿಬಿಟ್ಟರೆ ಮುಂದಿನ ವಾರ ಬರಲು ಕಾರಣವೇ ಉಳಿಯುವುದಿಲ್ಲ.

ಮೊದಲ ವಾರಕ್ಕೆ ಕಾಪ್ರೇಕರ್ ಸ್ಥಿರಾಂಕ 6174 ತಪ್ಪದೆ ಕೆಲಸ ಮಾಡುತ್ತದೆ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ.ಆರ್. ಕಾಪ್ರೇಕರ್ ಕಂಡುಕೊಂಡದ್ದು. ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ; ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಿ. 3524 ತೆಗೆದುಕೊಂಡರೆ 5432 − 2345 = 3087, 8730 − 0378 = 8352, 8532 − 2358 = 6174. ಮುಂದೆ 6174 ಅಲುಗುವುದಿಲ್ಲ. ಯಾವ ಸಂಖ್ಯೆಯಾದರೂ ಹೆಚ್ಚೆಂದರೆ ಏಳು ಸಲ ಕಳೆಯುವಷ್ಟರಲ್ಲಿ ಅಲ್ಲಿಗೆ ಬಂದು ನಿಲ್ಲುತ್ತದೆ. ಗುಂಪಿನಲ್ಲಿ ಒಬ್ಬರಿಗಾದರೂ ಬಾರದಿದ್ದರೆ ಕಾರಣ ಹೆಚ್ಚಾಗಿ ಸೊನ್ನೆ: 2111 − 1112 = 0999 ಬಂದಾಗ ಮುಂದಿನ ಸೊನ್ನೆಯನ್ನು ಬಿಟ್ಟು 999 − 999 ಮಾಡುತ್ತಾರೆ. 0999 ಎಂದೇ ಇಟ್ಟು 9990 − 0999 ಮಾಡಿದರೆ 8991, 8082, 8532 ಆಗಿ 6174ಕ್ಕೆ ತಲುಪುತ್ತದೆ. ಮನೆಗೆ ಕಳಿಸುವ ಪ್ರಶ್ನೆ: ಮೂರಂಕಿಯಲ್ಲಿ ಎಲ್ಲಿ ನಿಲ್ಲುತ್ತದೆ? (495.) ಎರಡಂಕಿಯಲ್ಲಿ ಯಾಕೆ ನಿಲ್ಲುವುದೇ ಇಲ್ಲ?

ಎರಡನೇ ವಾರ, 24 ಸೆಂಟಿಮೀಟರ್ ಚೌಕದ ರಟ್ಟಿನಲ್ಲಿ 8 × 8 ಮನೆ ಗೀರಿ, ಕರ್ಣದ ಎರಡು ತುದಿಯ ಮೂಲೆಮನೆ ಕತ್ತರಿಸಿ. 3 × 6 ಸೆಂಟಿಮೀಟರಿನ 31 ರಟ್ಟಿನ ತುಂಡು ಕೊಡಿ; ಉಳಿದ 62 ಮನೆಗಳನ್ನು ಮುಚ್ಚಬೇಕು. ಆಗುವುದಿಲ್ಲ. ಮನೆಗಳು ಚೆಸ್ ಬೋರ್ಡಿನಂತೆ ಕಪ್ಪುಬಿಳಿ ಎಂದುಕೊಂಡರೆ ಒಂದೊಂದು ತುಂಡೂ ಒಂದು ಕಪ್ಪು, ಒಂದು ಬಿಳಿ ಮನೆ ಮುಚ್ಚುತ್ತದೆ. ಕತ್ತರಿಸಿದ ಎರಡೂ ಒಂದೇ ಬಣ್ಣದವು, ಉಳಿದದ್ದು 30 ಮತ್ತು 32. ಆದರೆ ಬೋರ್ಡಿಗೆ ಮೊದಲೇ ಕಪ್ಪುಬಿಳಿ ಬಣ್ಣ ಹಚ್ಚಬೇಡಿ, ಅರ್ಧ ಉತ್ತರ ನೀವೇ ಕೊಟ್ಟಂತಾಗುತ್ತದೆ. ತೀರಾ ಸಿಕ್ಕಿಹಾಕಿಕೊಂಡ ಗುಂಪಿಗೆ 4 × 4 ಮಾಡಿ ನೋಡಲು ಹೇಳಿ. "ತುಂಬಾ ಸಲ ನೋಡಿದೆವು ಟೀಚರ್, ಆಗುವುದಿಲ್ಲ" ಎನ್ನುವುದಕ್ಕೂ "ಆಗಲು ಸಾಧ್ಯವೇ ಇಲ್ಲ" ಎಂದು ತೋರಿಸುವುದಕ್ಕೂ ಇರುವ ಅಂತರ ಮಕ್ಕಳಿಗೆ ಇಲ್ಲಿ ತಟ್ಟುವಷ್ಟು ಪಾಠದಲ್ಲಿ ಎಲ್ಲೂ ತಟ್ಟುವುದಿಲ್ಲ.

ಮಳೆಗಾಲದ ಆಟಿ ತಿಂಗಳಿನಲ್ಲಿ ಚೆನ್ನೆಮಣೆ (ಗುಳಿಗಳಲ್ಲಿ ಕಾಯಿ ಹಂಚಿ ಆಡುವ ಮರದ ಮಣೆ) ತರಿಸಿ. 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಆಟದ ನಿಯಮ ಮನೆಮನೆಗೂ ಬೇರೆ, ಅದರ ಜಗಳಕ್ಕೆ ಹೋಗದೆ ಹಂಚುವುದನ್ನು ಮಾತ್ರ ನೋಡಿ: ಗುಳಿಗಳಿಗೆ 1ರಿಂದ 14 ನಂಬರ್ ಕೊಟ್ಟು, 3ನೆಯದರಿಂದ 18 ಕಾಯಿ ತೆಗೆದು ಮುಂದಿನದರಿಂದ ಒಂದನ್ನೂ ಬಿಡದೆ ಹಂಚಿದರೆ ಕೊನೆಯ ಕಾಯಿ ಎಲ್ಲಿ ಬೀಳುತ್ತದೆ? 3 + 18 = 21, 14 ಕಳೆದರೆ 7. ಹಂಚದೆಯೇ ಹೇಳುವುದು ಬಂತೆಂದರೆ ಶೇಷದ ಗಣಿತ ಬಂದಂತೆಯೇ.

ಮಳೆ ಬಿಟ್ಟ ಮೇಲೆ ಹೊರಗೆ ಹೋಗಿ ತೆಂಗಿನ ಮರದ ಎತ್ತರ ಅಳೆಯಿರಿ. ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ, ನಡುಬಿಂದುವಿನಿಂದ ನೂಲಿಗೆ ಕಬ್ಬಿಣದ ನಟ್ ಕಟ್ಟಿ ಇಳಿಬಿಡಿ. ಸ್ಟ್ರಾದಲ್ಲಿ ಮರದ ತುದಿ ಕಾಣುವಾಗ ನೂಲು 45ರಲ್ಲಿ ನಿಲ್ಲುವವರೆಗೆ ಹಿಂದೆ ಮುಂದೆ ನಡೆಯಲಿ. ಆಗ ಮರಕ್ಕಿರುವ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ಕಣ್ಣಿನ ಎತ್ತರವನ್ನು ಅರ್ಧಕ್ಕರ್ಧ ಗುಂಪು ಮರೆಯುತ್ತದೆ. ನಮ್ಮ ಗುಡ್ಡದ ಶಾಲೆಗಳಲ್ಲಿ ಇನ್ನೊಂದು ತೊಡಕು: ಮರದ ಬುಡ ನಿಂತ ಜಾಗಕ್ಕಿಂತ ಒಂದು ಮೀಟರ್ ಕೆಳಗಿದ್ದರೆ ಉತ್ತರವೂ ಒಂದು ಮೀಟರ್ ಕಡಿಮೆ ಬರುತ್ತದೆ. 15 ಮೀಟರ್ ದೂರದಲ್ಲಿ ಕೋನ ಒಂದು ಡಿಗ್ರಿ ತಪ್ಪಿದರೂ ಸುಮಾರು ಅರ್ಧ ಮೀಟರ್ ವ್ಯತ್ಯಾಸ. ಗುಂಪಿನ ಮೂವರೂ ಅಳೆದು ನಡುವಿನ ಬೆಲೆ ಹಿಡಿಯಲಿ.

ಶಾಸ್ತ್ರೋತ್ಸವದ ಗಣಿತ ಮೇಳವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಂಬರ್ ಚಾರ್ಟ್, ಜಿಯಾಮೆಟ್ರಿಕಲ್ ಚಾರ್ಟ್, ಸ್ಟಿಲ್ ಮಾಡೆಲ್, ವರ್ಕಿಂಗ್ ಮಾಡೆಲ್, ಪಝಲ್, ಗೇಮ್, ಪ್ರಾಜೆಕ್ಟ್ ಎಂದು ಐಟಮ್ ಸಾಕಷ್ಟಿವೆ. ಮೇಲಿನ ಲೆಕ್ಕಗಳೇ ಅವಕ್ಕೆ ವಿಷಯ. ಇಂಟರ್‌ನೆಟ್ಟಿನಿಂದ ಇಳಿಸಿ ಅಂದವಾಗಿ ಬರೆದ ಚಾರ್ಟು "ಯಾಕೆ ಹೀಗೆ?" ಎಂಬ ಒಂದೇ ಪ್ರಶ್ನೆಗೆ ಕುಸಿಯುತ್ತದೆ. ಆ ವರ್ಷದ ಮ್ಯಾನುವಲ್ ಓದಿಯೇ ಅಳತೆ, ಸಮಯ ನೋಡಿಕೊಳ್ಳಿ. ಚಾರ್ಟಿನ ಚಿತ್ರಗಳನ್ನು ಮೊದಲು ಐಟಿ ಲ್ಯಾಬಿನ ಜಿಯೋಜೀಬ್ರಾ ಎಂಬ ಗಣಿತ ಸಾಫ್ಟ್‌ವೇರಿನಲ್ಲಿ ಎಳೆದು ನೋಡಿದರೆ ತಪ್ಪು ಗೆರೆ ಕೂಡಲೇ ಸಿಕ್ಕಿಬೀಳುತ್ತದೆ.

ಹುರುಪಿನ ಮಕ್ಕಳಿಗೆ ಐಒಕ್ಯೂಎಂ (ಗಣಿತ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ) ಇದೆ, ಎಂಟನೆಯ ತರಗತಿಯಿಂದಲೇ ಬರೆಯಬಹುದು: ಮೂರು ಗಂಟೆ, 30 ಪ್ರಶ್ನೆ, ಉತ್ತರಗಳೆಲ್ಲ 00ರಿಂದ 99ರೊಳಗಿನ ಪೂರ್ಣಾಂಕ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಎರಡು ಮಾರ್ಕಿನವನ್ನು ಮಾತ್ರ ಆರಿಸಿ, ನೀವೇ ಕನ್ನಡದಲ್ಲಿ ಹೇಳಿ ಬರೆಸಿ. ಇಂಗ್ಲಿಷ್ ನೋಡಿಯೇ ಹೆದರುವ ಮಗು ಲೆಕ್ಕಕ್ಕೆ ಹೆದರುವುದಿಲ್ಲ. ಮಲಯಾಳ ಡಿವಿಷನ್ನಿನ ಮಕ್ಕಳೂ ಬಂದರೆ ಮಾತು ಕಡಿಮೆ ಮಾಡಿ ಚಿತ್ರ ಹೆಚ್ಚು ಹಾಕಿ.

ದಿನಾಚರಣೆಗಳ ಬಗ್ಗೆ ಒಂದು ಮಾತು. ರಾಮಾನುಜನ್ ಹುಟ್ಟಿದ ಡಿಸೆಂಬರ್ 22 ಪರೀಕ್ಷೆ, ಕ್ರಿಸ್ಮಸ್ ರಜೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಪೈ ದಿನ ಮಾರ್ಚ್ 14, ಅದೂ ಪರೀಕ್ಷೆಯ ಕಾಲ. ಎರಡನ್ನೂ ಜನವರಿಯ ಒಂದು ಮಧ್ಯಾಹ್ನಕ್ಕೆ ತಂದು ಮುಗಿಸಿ.

ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟ ವಾರ ಕ್ಲಬ್ ತಪ್ಪಿಯೇ ತಪ್ಪುತ್ತದೆ. ಅದಕ್ಕೆ ನೋಟೀಸ್ ಬೋರ್ಡಿನಲ್ಲಿ ಆ ವಾರದ ಲೆಕ್ಕ ಸದಾ ಇರಲಿ, ಪಕ್ಕದಲ್ಲಿ ಉತ್ತರ ಹಾಕಲು ಒಂದು ಡಬ್ಬಿ. 200 ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಲೆಕ್ಕ, ಯಾವ ಗುಂಪು ಹೇಗೆ ಬಿಡಿಸಿತು, ಎಲ್ಲಿ ಎಡವಿತು ಎಂದು ಮಕ್ಕಳೇ ಬರೆಯಲಿ. ನಿಮಗೆ ವರ್ಗವಾದರೂ ಆ ಪುಸ್ತಕ ಲ್ಯಾಬಿನ ಕಪಾಟಿನಲ್ಲಿ ಉಳಿಯುತ್ತದೆ, ಮುಂದೆ ಬರುವವರಿಗೆ ಒಂದು ವರ್ಷದ ಲೆಕ್ಕಗಳು ಸಿದ್ಧವಾಗಿ ಸಿಗುತ್ತವೆ.