ಹಾವಿಗೆ ಕಾಲು ಬರೆದವನ ಕಥೆ ಈಗಲೂ ಮೀಟಿಂಗ್‌ನಲ್ಲಿ ಕೇಳಿಸುತ್ತದೆ

"ಚೀನಾದ ಹಳೆಯ ಕಾವ್ಯ, ಗ್ರಂಥಗಳೆಲ್ಲ ಅಲ್ಲಿನ ಇವತ್ತಿನ ಬದುಕಿನಲ್ಲಿ ನಿಜವಾಗಿ ಉಳಿದಿವೆಯಾ, ಇಲ್ಲ ನಮ್ಮ ಹಳಗನ್ನಡದ ಹಾಗೆ ಪರೀಕ್ಷೆಗೆ ಮಾತ್ರವಾ?" ಅಂತ ಕೇಳಿದ್ದೀರಿ.

ನಾನು ಸಾಹಿತ್ಯ ಓದಿದವನಲ್ಲ. ಚಾರ್ಜರ್‌ಗಳ ಸರ್ಕ್ಯೂಟ್ ಬೋರ್ಡ್ ಮಾಡುವವನು. ಶೆನ್‌ಜೆನ್‌ನಲ್ಲಿ ಮೂರೂವರೆ ವರ್ಷ ಇದ್ದೆ. ಹಾಗಾಗಿ ಇದು ಆಫೀಸು, ಊಟದ ಟೇಬಲ್ಲು, ಮೊಬೈಲು ಇಷ್ಟರಲ್ಲಿ ಕಂಡದ್ದು. ಜೊತೆಗೆ ಕುತೂಹಲಕ್ಕೆ ಆಮೇಲೆ ಓದಿಕೊಂಡದ್ದು.

ಹೋಗಿ ಎರಡು ತಿಂಗಳಾಗಿತ್ತು. ಒಂದು ಬೋರ್ಡಿನ ಡಿಸೈನ್ ಎಲ್ಲರೂ ಒಪ್ಪಿ ಮುಗಿದಿತ್ತು. ನಾನು ಹುರುಪಿನಲ್ಲಿ ಇನ್ನೊಂದು ಎಲ್‌ಇಡಿ ಸೇರಿಸಿ ತೋರಿಸಿದೆ. ನನ್ನ ಹಿರಿಯ ಸಹೋದ್ಯೋಗಿ ಪರದೆ ನೋಡಿ ನಾಲ್ಕೇ ಅಕ್ಷರ ಹೇಳಿದರು: ಹುವಾ ಶ ತ್ಯೆನ್ ಝು. ಎಲ್ಲರೂ ನಕ್ಕರು. ಎಲ್‌ಇಡಿ ಹೋಯಿತು. ಅದರ ಅರ್ಥ "ಹಾವು ಬರೆದು ಕಾಲು ಸೇರಿಸಿದ ಹಾಗೆ".

ಮಧ್ಯಾಹ್ನ ಊಟಕ್ಕೆ ಕೂತಾಗ ಕಥೆ ಕೇಳಿದೆ. ಚೂ ರಾಜ್ಯದಲ್ಲಿ ಒಬ್ಬ ಪೂಜೆ ಮುಗಿಸಿ ಆಳುಗಳಿಗೆ ಒಂದು ಪಾತ್ರೆ ಮದ್ಯ ಕೊಟ್ಟ. ಹಂಚಿಕೊಂಡರೆ ಯಾರಿಗೂ ಸಾಲದು, ಒಬ್ಬನೇ ಕುಡಿದರೆ ಜಾಸ್ತಿ. ಸರಿ, ನೆಲದ ಮೇಲೆ ಹಾವಿನ ಚಿತ್ರ ಮೊದಲು ಬರೆದು ಮುಗಿಸಿದವನಿಗೆ ಪೂರ್ತಿ ಮದ್ಯ ಅಂತ ಪಂದ್ಯ ಕಟ್ಟಿದರು. ಒಬ್ಬ ಬೇಗ ಮುಗಿಸಿದ. ಎಡಗೈಯಲ್ಲಿ ಪಾತ್ರೆ ಎತ್ತಿಕೊಂಡ. ಉಳಿದವರು ಇನ್ನೂ ಬರೆಯುತ್ತಾ ಇದ್ದಾರೆ ಅಂತ ಬಲಗೈಯಲ್ಲಿ ಹಾವಿಗೆ ಕಾಲು ಬರೆಯಲು ಕೂತ. ಅಷ್ಟರಲ್ಲಿ ಇನ್ನೊಬ್ಬ ತನ್ನ ಹಾವು ಮುಗಿಸಿ ಪಾತ್ರೆ ಕಿತ್ತುಕೊಂಡ. "ಹಾವಿಗೆಲ್ಲಿದೆಯೋ ಕಾಲು?" ಅಂತ ಕೇಳಿ ಗಟಗಟ ಕುಡಿದ.

ಈ ಕಥೆ ಇರುವುದು "ಝಾನ್‌ಗ್ವೊ ತ್ಸ" ಎಂಬ ಸಂಗ್ರಹದಲ್ಲಿ. ಈಗಿನ ರೂಪ ಬಂದು ಸುಮಾರು 2,000 ವರ್ಷ ಆಗಿದೆ. ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿ ಆ ಕಥೆ ಯಾರು ಯಾರಿಗೆ ಹೇಳುತ್ತಾರೆ ಅನ್ನುವುದು. ಚೂ ರಾಜ್ಯದ ಸೇನಾಪತಿ ಒಂದು ಯುದ್ಧ ಗೆದ್ದು, ಅದೇ ಬಿಸಿಯಲ್ಲಿ ಚೀ ರಾಜ್ಯದ ಮೇಲೆ ಹೊರಟಿರುತ್ತಾನೆ. ಚೀ ಪರವಾಗಿ ಬಂದ ಒಬ್ಬ ಮಾತುಗಾರ ಈ ಕಥೆ ಹೇಳುತ್ತಾನೆ. ಗೆದ್ದಾಯ್ತಲ್ಲ, ಇನ್ನು ಮುಂದೆ ಹೋದರೆ ಹಾವಿಗೆ ಕಾಲು ಬರೆದಂತೆ ಅನ್ನುತ್ತಾನೆ. ಸೇನಾಪತಿ ದಂಡು ತಿರುಗಿಸಿಕೊಂಡು ಹೋಗುತ್ತಾನೆ. ಅಂದರೆ ಆ ಕಥೆ ಹುಟ್ಟಿದ್ದೇ ಇಂಥ ಮೀಟಿಂಗಿಗೆ! ಎದುರಿನವನ ಮುಖ ಕೆಡಿಸದೆ "ಸಾಕು ಬಿಡು" ಅನ್ನಲು. ನನ್ನ ಎಲ್‌ಇಡಿಯ ಮೇಲೂ ಅದು ಅದೇ ಕೆಲಸ ಮಾಡಿತು.

ಇಂಥ ನಾಲ್ಕಕ್ಷರದ ನುಡಿಗಟ್ಟುಗಳಿಗೆ ಚೆಂಗ್‌ಯೂ ಅನ್ನುತ್ತಾರೆ. ಸಾವಿರಾರು ಇವೆ. ಹೇಳುವವರು ಮೂಲ ಪುಸ್ತಕ ಓದಿರುವುದಿಲ್ಲ. ನಾವು ಭಗೀರಥ ಪ್ರಯತ್ನ, ಕುಂಭಕರ್ಣನ ನಿದ್ದೆ, ರಾಮಬಾಣ ಅನ್ನುವಾಗ ಯಾವ ಕಾಂಡ, ಯಾವ ಸರ್ಗ ಅಂತ ನೋಡುತ್ತೇವಾ? ಹಾಗೇ ಇದು. ಮಾತಾಡುತ್ತಿರುವಾಗ ಆ ಮನುಷ್ಯನೇ ಬಂದುಬಿಟ್ಟರೆ ನಾವು "ನಿಮಗೆ ನೂರು ವರ್ಷ ಆಯಸ್ಸು" ಅನ್ನುತ್ತೇವೆ. ಅವರು "ತ್ಸಾವ್ ತ್ಸಾವ್ ಅಂದರೆ ತ್ಸಾವ್ ತ್ಸಾವ್ ಬಂದ" ಅನ್ನುತ್ತಾರೆ. ಅವನು ಮೂರನೇ ಶತಮಾನದ ಹೊತ್ತಿನ ದಂಡನಾಯಕ, ಮೂರು ರಾಜ್ಯಗಳ ಕಾದಂಬರಿಯ ಖಳ. ನಮ್ಮ ಮ್ಯಾನೇಜರ್ ಬಾಗಿಲು ತೆಗೆದಾಗಲೆಲ್ಲ ಈ ಮಾತು ಕೇಳಿದ್ದೇನೆ.

ಪೂರ್ತಿ ಗ್ರಂಥ ಓದಲು ಅವರಿಗೂ ಟಿಪ್ಪಣಿ ಬೇಕೇ ಬೇಕು. ಆದರೆ ಅವರ ಲಿಪಿಯಲ್ಲಿ ಒಂದು ಅನುಕೂಲ ಇದೆ. ಉಚ್ಚಾರ ಎಷ್ಟು ಬದಲಾದರೂ ಅಕ್ಷರ ಹೇಳುವ ಅರ್ಥ ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗಾಗಿ ನಾಲ್ಕಕ್ಷರದ ತುಂಡು ಹಳೆಯದು ಅನ್ನಿಸುವುದೇ ಇಲ್ಲ. ಗಡಿ ದಾಟಿದರೂ ಓದಬಹುದು. 2020ರ ಶುರುವಿನಲ್ಲಿ ಕೊರೊನಾ ಹಬ್ಬಿದಾಗ ಜಪಾನಿನಿಂದ ಹುಬೇ ಪ್ರಾಂತ್ಯಕ್ಕೆ ನೆರವಿನ ಪೆಟ್ಟಿಗೆಗಳು ಬಂದವು. ಅವುಗಳ ಮೇಲೆ ಎಂಟು ಅಕ್ಷರ ಅಂಟಿಸಿದ್ದರು: "ಬೆಟ್ಟ ಹೊಳೆ ಬೇರೆ ಬೇರೆ ನಾಡಿನವು, ಗಾಳಿ ಬೆಳದಿಂಗಳು ಒಂದೇ ಆಕಾಶದವು." ಎಂಟನೇ ಶತಮಾನದಲ್ಲಿ ಜಪಾನಿನ ರಾಜಕುಮಾರ ನಾಗಾಯಾ ಚೀನಾದ ಬೌದ್ಧ ಭಿಕ್ಷುಗಳಿಗೆ ಕಳಿಸಿದ ಕಾವಿಬಟ್ಟೆಗಳ ಮೇಲೆ ಕಸೂತಿ ಹಾಕಿಸಿದ ಸಾಲು ಇದು. ನನ್ನ ವೀಚಾಟ್ ಗ್ರೂಪುಗಳಲ್ಲಿ ಆ ವಾರ ಇದೇ ಚರ್ಚೆ. ಕಣ್ಣೀರು ಹಾಕಿದವರೂ ಇದ್ದರು. "ನಮ್ಮದೇ ಭಾಷೆಯಲ್ಲಿ ಅವರು ಕವಿತೆ ಬರೆದು ಕಳಿಸ್ತಾರೆ, ನಾವು ಬರೀ ವುಹಾನ್ ಜಾಯೋ (ವುಹಾನ್, ಧೈರ್ಯವಾಗಿರು) ಅಂತ ಕೂಗ್ತೀವಿ" ಅಂತ ಬೇಜಾರು ಮಾಡಿಕೊಂಡವರೂ ಇದ್ದರು.

ಮಾತು, ಕವಿತೆ ಆಯ್ತು. ಗ್ರಂಥಗಳು ನೇರವಾಗಿ ಕೆಲಸಕ್ಕೆ ಬಂದ ಉದಾಹರಣೆ ಬೇಕಾದರೆ ಔಷಧ ವಿಜ್ಞಾನಿ ತೂ ಯೌಯೌ ಅವರದ್ದು. ವಿಯೆಟ್ನಾಂ ಯುದ್ಧದ ಹೊತ್ತಿಗೆ ಅಲ್ಲಿನ ಸೈನಿಕರನ್ನು ಮಲೇರಿಯಾ ಸಾಯಿಸುತ್ತಿತ್ತು. ಹಳೆಯ ಔಷಧ ಕ್ಲೋರೊಕ್ವಿನ್ ನಾಟುತ್ತಿರಲಿಲ್ಲ. ಚೀನಾ ಸರ್ಕಾರ 1967ರ ಮೇ 23ಕ್ಕೆ ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತು. ತಾರೀಖಿನಿಂದಲೇ ಅದಕ್ಕೆ 523 ಅಂತ ಹೆಸರು. 1969ರಲ್ಲಿ ತೂ ಸೇರಿದರು. ಅವರ ತಂಡ ಹಳೆಯ ವೈದ್ಯಗ್ರಂಥಗಳಿಂದ, ನಾಟಿವೈದ್ಯರಿಂದ 2,000ಕ್ಕೂ ಹೆಚ್ಚು ಮದ್ದುಗಳನ್ನು ಕಲೆಹಾಕಿತು. ಚಿಂಗ್‌ಹಾವ್ ಅನ್ನುವ ಗಿಡ ಒಮ್ಮೆ ಕೆಲಸ ಮಾಡಿದರೆ ಮತ್ತೊಮ್ಮೆ ಮಾಡುತ್ತಿರಲಿಲ್ಲ. ಆಗ ನಾಲ್ಕನೇ ಶತಮಾನದ ಗ ಹೊಂಗ್ ಬರೆದ ಕೈಪಿಡಿಯ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಚಿಂಗ್‌ಹಾವ್ ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ.

ಕುದಿಸಿ ಅಂತ ಎಲ್ಲೂ ಇಲ್ಲ! ಬಿಸಿಗೆ ಸತ್ವ ಹೋಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಕಡಿಮೆ ಶಾಖದಲ್ಲೇ ಕುದಿಯುವ ಈಥರ್ ಬಳಸಿ ಸತ್ವ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾ ಪೂರ್ತಿ ಅಳಿಸಿತು. ಮುಂದಿನ ವರ್ಷ ಸುರಕ್ಷಿತವಾ ಅಂತ ನೋಡಲು ತಾವೇ ಕುಡಿದರು. 2015ರಲ್ಲಿ ನೊಬೆಲ್ ಬಂತು. ನಮ್ಮ ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಫಾಲ್ಸಿಪಾರಂ ಮಲೇರಿಯಾಕ್ಕೆ ಇಲ್ಲಿ ಕೊಡುವ ಮಾತ್ರೆಯಲ್ಲೂ ಇರುವುದು ಇದೇ ಗಿಡದ ವಂಶದ ಔಷಧ.

ಇದನ್ನು ಹಿಡಿದು "ಹಳೆಯದರಲ್ಲಿ ಎಲ್ಲವೂ ಇತ್ತು" ಅಂತ ಹೊರಡುವವರು ಅಲ್ಲೂ ಇದ್ದಾರೆ, ಇಲ್ಲಿಗಿಂತ ಕಡಿಮೆ ಏನಲ್ಲ. ಅದೇ ಗ ಹೊಂಗ್ ಸಾವಿಲ್ಲದ ಹಾಗೆ ಮಾಡುವ ರಸಾಯನದ ಬಗ್ಗೆಯೂ ಉದ್ದಕ್ಕೆ ಬರೆದಿದ್ದಾನೆ. ಸಾವಿರಾರು ಮದ್ದುಗಳಲ್ಲಿ ಒಂದು ಸಾಲು ಗೆದ್ದಿತು, ಅದೂ ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದರಿಂದ. ಇನ್ನೊಂದು ಸುಮ್ನೆ ಹೇಳುವ ಮಾತು. ಯೌಯೌ ಅನ್ನುವ ಹೆಸರನ್ನು ಅವರ ತಂದೆ ಆರಿಸಿದ್ದು ಚೀನಾದ ಅತಿ ಹಳೆಯ ಕವನ ಸಂಗ್ರಹ "ಶೀಜಿಂಗ್"ನಿಂದ. ಅಲ್ಲಿ ಜಿಂಕೆಗಳು ಯೌಯೌ ಅಂತ ಕೂಗುತ್ತಾ ಮೇಯುತ್ತವೆ. ಎರಡನೇ ನುಡಿಯಲ್ಲಿ ಅವು ಮೇಯುವ ಗಿಡ ಯಾವುದು ಗೊತ್ತಾ? ಹಾವ್! ಕಾಕತಾಳೀಯವೇ. ಆದರೂ ಮೈ ಜುಮ್ ಅನ್ನುತ್ತದೆ.

ಬಾಹ್ಯಾಕಾಶ ನೌಕೆಗಳ ಹೆಸರೂ ಹೀಗೇ. 2020ರಲ್ಲಿ ಮಂಗಳಕ್ಕೆ ಹಾರಿದ ನೌಕೆ ತ್ಯೆನ್‌ವೆನ್, ಅಂದರೆ "ಆಕಾಶಕ್ಕೆ ಪ್ರಶ್ನೆ". ಇದು ಕ್ರಿಸ್ತಪೂರ್ವದ ಕವಿ ಚೂ ಯುವಾನ್ ಬರೆದನೆನ್ನುವ ಪದ್ಯದ ಹೆಸರು. 170ಕ್ಕೂ ಹೆಚ್ಚು ಪ್ರಶ್ನೆಗಳು, ಉತ್ತರ ಒಂದೂ ಇಲ್ಲ. ಚಂದ್ರನ ಹೊಟ್ಟೆಯಲ್ಲಿ ಮೊಲ ಇಟ್ಟುಕೊಂಡರೆ ಅವನಿಗೇನು ಲಾಭ ಅಂತಲೂ ಕೇಳುತ್ತಾನೆ. ನಾವೂ ಚಂದ್ರನಿಗೆ ಶಶಾಂಕ ಅನ್ನುತ್ತೇವೆ, ಅಲ್ವಾ? 2013ರಲ್ಲಿ ಚಂದ್ರನ ಮೇಲಿಳಿದ ಅವರ ರೋವರ್‌ಗೆ ಜನ ಆನ್‌ಲೈನ್‌ನಲ್ಲಿ ಓಟು ಹಾಕಿ ಆರಿಸಿದ ಹೆಸರು ಯೂತೂ, "ಜೇಡ್ ಕಲ್ಲಿನ ಮೊಲ". ಹಳೆಯ ಕಾದಂಬರಿಯೊಂದರ ಕೋತಿರಾಜ ವುಕಾಂಗ್‌ನ ವಿಡಿಯೋ ಗೇಮ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಬಿಡುತ್ತೇನೆ. ಇಷ್ಟು ಹೇಳಿಬಿಡುತ್ತೇನೆ: ಆ ಕೋತಿ ಕಾಯುವ ಗುರು, ನಮ್ಮ ಸಮಾಜ ಪಾಠದಲ್ಲಿ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದವನು ಅಂತ ಬರುವ ಹ್ಯೂಯೆನ್ ತ್ಸಾಂಗನೇ.

ಹಾಗಂತ ಎಲ್ಲವೂ ತಡೆಯಿಲ್ಲದೆ ಹರಿದು ಬಂದಿದೆ ಅಂದುಕೊಳ್ಳಬೇಡಿ. 1905ರಲ್ಲಿ ಗ್ರಂಥಗಳನ್ನು ಓದಿ ಅಧಿಕಾರಿಗಳಾಗುವ ಪರೀಕ್ಷೆ ನಿಂತಿತು. 1919ರ ವಿದ್ಯಾರ್ಥಿ ಚಳವಳಿಯ ಹುಡುಗರಿಗೆ ಕನ್‌ಫ್ಯೂಷಿಯಸ್ ಅಂದರೆ ದೇಶ ಹಿಂದುಳಿಯಲು ಕಾರಣ. 1966ರಲ್ಲಿ ಮಾವೋನ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಕೆಂಪು ದಳದ ಹುಡುಗರು ಅವನ ಊರು ಚೂಫುಗೆ ಹೋಗಿ ಅವನ ಸಮಾಧಿಯನ್ನೇ ಒಡೆದರು. 2004ರಲ್ಲಿ ಅದೇ ದೇಶ ಅವನ ಹೆಸರಿನ ಭಾಷಾ ಸಂಸ್ಥೆಯನ್ನು ಸಿಯೋಲ್‌ನಲ್ಲಿ ತೆರೆಯಿತು. ಈಗ ಕಾಣುವ ಸಂಭ್ರಮದಲ್ಲಿ ಸರ್ಕಾರ ಹಚ್ಚಿದ ಬಣ್ಣವೂ ಇದೆ ಅನ್ನುವುದು ನನ್ನ ಅಭಿಪ್ರಾಯ.

ತಮಾಷೆ ಏನೆಂದರೆ, ಹಳೆಯದನ್ನು ಒಡೆಯಲು ಹೊರಟವರ ಬಾಯಲ್ಲಿದ್ದದ್ದೂ ಹಳೆಯ ಮಾತುಗಳೇ. ಕ್ರಾಂತಿಗೆ ಅವರ ಪದ "ಗಮಿಂಗ್". ಅದು "ಯೀಜಿಂಗ್" ಗ್ರಂಥದ್ದು, ದೊರೆಗೆ ಆಕಾಶ ಕೊಟ್ಟ ಅಪ್ಪಣೆ ಬದಲಾಗುವುದು ಅಂತ ಮೂಲ ಅರ್ಥ. 1937ರ ಮಾವೋ ಬರಹದ ಹೆಸರಿನಲ್ಲಿರುವ "ಮಾವ್‌ದುನ್", ಅಂದರೆ ವೈರುಧ್ಯ, ಈಟಿ ಮತ್ತು ಗುರಾಣಿ ಎಂಬ ಎರಡು ಅಕ್ಷರ. ಎಲ್ಲವನ್ನೂ ಚುಚ್ಚುವ ಈಟಿ, ಯಾವುದೂ ಚುಚ್ಚದ ಗುರಾಣಿ ಎರಡನ್ನೂ ಒಬ್ಬನೇ ಮಾರುತ್ತಿದ್ದ. ಇದರಿಂದ ಅದಕ್ಕೆ ಚುಚ್ಚಿದರೆ ಅಂತ ಕೇಳಿದಾಗ ಬಾಯಿ ಕಟ್ಟಿತು. ಕ್ರಿಸ್ತಪೂರ್ವ ಮೂರನೇ ಶತಮಾನದ ಚಿಂತಕ ಹಾನ್ ಫೇ ಹೇಳಿದ ಕಥೆ.

ಹಾವಿನ ಕಥೆ ಹೇಳಿದ ನನ್ನ ಸಹೋದ್ಯೋಗಿಯ ಊರು ಹುನಾನ್ ಕಡೆಯ ಹಳ್ಳಿ. ಅವರ ಅಜ್ಜ 1966ರಲ್ಲಿ ಹೆದರಿ, ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತಾವೇ ಒಲೆಗೆ ಹಾಕಿದ್ದರಂತೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಮೊಮ್ಮಗನನ್ನು ಗದ್ದೆ ಬದುವಿನ ಮೇಲೆ ಕೂರಿಸಿಕೊಂಡು, ಕಡ್ಡಿಯಿಂದ ಮಣ್ಣಲ್ಲಿ ಹಾವು ಬರೆದು ಈ ಕಥೆ ಹೇಳಿದ್ದು ಅದೇ ಅಜ್ಜ.